ಅಂಗೈ ಗೆರೆ, ಮೊಣಕೈ ತುರಿಕೆ

ಕೇಳುಗರಿಗೆ ನಮಸ್ಕಾರ. ದೀಪಾವಳಿ ಮುಗಿದು ಧಾರವಾಡದ ಕಡೆ ಒಣ ಚಳಿ ಬಿತ್ತೆಂದರೆ ಕೆಲವು ಮಕ್ಕಳಿಗೆ ಮೊಣಕೈ ಸಂದು, ಮೊಣಕಾಲಿನ ಹಿಂಬದಿ ಕೆಂಪಗಾಗುತ್ತದೆ. ರಾತ್ರಿಯೆಲ್ಲ ಕೆರೆತ. ಇದೇ ಇಸುಬು, ಡಾಕ್ಟರ ಬಾಯಲ್ಲಿ ಎಕ್ಜಿಮಾ. ಮನೆಯ ಹಿರಿಯರ ತೀರ್ಪಂತೂ ತಯಾರಿರುತ್ತದೆ: ‘ರಕ್ತ ಕೆಟ್ಟಿದೆ, ಬದನೆಕಾಯಿ ಬಿಡಿಸಿ.’ ರೊಟ್ಟಿಯ ಜೊತೆ ಎಣ್ಣೆಗಾಯಿಯೂ ಇಲ್ಲದೆ ಆ ಕೂಸು ಉಣ್ಣುವುದಾದರೂ ಏನು?

ರಕ್ತ ಕೆಟ್ಟಿರುವುದಿಲ್ಲ. ಹಲವು ಮಕ್ಕಳಲ್ಲಿ ಕೊರತೆ ಇರುವುದು ಚರ್ಮದ ಹೊರಪದರದಲ್ಲಿ. ಅಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನ್ ಇರುತ್ತದೆ. ಅದು ಚರ್ಮವನ್ನು ಬಿಗಿಯಾಗಿಸುತ್ತದೆ, ಆಮೇಲೆ ತಾನೇ ಒಡೆದು ತೇವ ಹಿಡಿದಿಡುತ್ತದೆ. ಅದರ ಜೀನ್‌ನಲ್ಲಿ ದೋಷವಿದ್ದರೆ ಇಸುಬಿನ ಸಾಧ್ಯತೆ ಜಾಸ್ತಿ ಎಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮ್ಯಾಕ್ಲೀನ್ ಅವರ ತಂಡ ತೋರಿಸಿತು. ಯುರೋಪಿನಲ್ಲಿ ನೂರಕ್ಕೆ ಸುಮಾರು 10 ಮಂದಿಯಲ್ಲಿ ಈ ದೋಷವಿದೆ. ಏಷ್ಯಾದವರಲ್ಲಿ ಕಾಣುವ ದೋಷಗಳು ಬಹುಪಾಲು ಬೇರೆಯವು.

ಈ ದೋಷ ಇರುವ ಹಲವರ ಅಂಗೈಯಲ್ಲಿ ಗೆರೆಗಳು ಜಾಸ್ತಿ, ಆಳವೂ ಹೌದು. ಮೊಣಕಾಲಿನ ಕೆಳಗೆ ಚರ್ಮ ಒಣಗಿ ಮೀನಿನ ಪೊರೆಯಂತೆ ಏಳುತ್ತದೆ. ಅಂಗೈ ನೋಡಿ ಭವಿಷ್ಯ ಹೇಳುವವರಿಗೂ ಇದು ಗೊತ್ತಿರಲಿಕ್ಕಿಲ್ಲ! ಆದರೆ ಜೀನ್ ಕೆಟ್ಟವರಿಗೆಲ್ಲ ಇಸುಬು ಬರುವುದಿಲ್ಲ. ಇಸುಬು ಬಂದವರೆಲ್ಲರ ಜೀನ್ ಕೆಟ್ಟಿರುವುದೂ ಇಲ್ಲ. ಹೀಗಾಗಿ ‘ಯಾರ ಕಡೆಯಿಂದ ಬಂತು’ ಎಂದು ಬೀಗರ ಮನೆ ಮೇಲೆ ಹೊರಿಸುವ ಜಗಳ ಸುಮ್ನೆ.

ಚರ್ಮ ಸಡಿಲವಾದರೆ ಅಲರ್ಜಿಗೂ ದಾರಿಯಾಗುತ್ತದೆ. ಮನೆಯ ಧೂಳಿನಲ್ಲಿರುವ ಶೇಂಗಾ ಪುಡಿ ಕೂಡ ಬಿರುಕಿನಿಂದ ಒಳಗೆ ಹೋಗಿ, ದೇಹ ಅದನ್ನು ಶತ್ರು ಎಂದುಕೊಳ್ಳಬಹುದು. ಬಾಯಿಂದ ಹೋದರೆ ಕಥೆಯೇ ಬೇರೆ. 2015ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನದಲ್ಲಿ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳಿದ್ದವು. ವರ್ಷ ತುಂಬುವ ಮೊದಲೇ ಶೇಂಗಾ ತಿನ್ನಿಸಲು ಶುರುಮಾಡಿದವರಲ್ಲಿ, ಐದು ವರ್ಷಕ್ಕೆ ಶೇಂಗಾ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆಯಾಗಿತ್ತು. ಗದಗ, ಹಾವೇರಿಯ ಶೇಂಗಾ ಹೊಲದ ಮನೆಯವರಿಗೆ ಇದು ಒಳ್ಳೆಯ ಸುದ್ದಿ, ಅಲ್ವಾ? ಆದರೆ ಇಸುಬು ಜೋರಾಗಿರುವ ಕೂಸಿಗೆ ಡಾಕ್ಟರನ್ನು ಕೇಳಿಯೇ ಕೊಡಿ. ಇಡೀ ಕಾಳಂತೂ ಬೇಡವೇ ಬೇಡ, ಗಂಟಲಲ್ಲಿ ಸಿಕ್ಕೀತು.

ಇನ್ನು ಆರೈಕೆ. ಉಗುರುಬೆಚ್ಚಗಿನ ನೀರು, ಕಡಿಮೆ ಸೋಪು. ಮೈ ಒರೆಸಿದ ಕೂಡಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ದಂಡಿಯಾಗಿ ಹಚ್ಚಿ. ‘ತುರಿಕೆ ಮುಲಾಮು ಕೊಡ್ರಿ’ ಎಂದು ಔಷಧ ಅಂಗಡಿಯಲ್ಲಿ ಕೇಳಿ ತರುವ ಟ್ಯೂಬಿನಲ್ಲಿ ಎಷ್ಟೋ ಸಲ ಜೋರಾದ ಸ್ಟೀರಾಯ್ಡ್ ಇರುತ್ತದೆ. ಡಾಕ್ಟರು ಹೇಳಿದಷ್ಟು ದಿನ ಹಚ್ಚಿದರೆ ಸ್ಟೀರಾಯ್ಡ್ ಒಳ್ಳೆಯ ಔಷಧವೇ. ಕೇಳದೆ ತಿಂಗಳುಗಟ್ಟಲೆ ತಿಕ್ಕಿದರೆ ಮೊದಲೇ ಸೋತ ಚರ್ಮ ಇನ್ನಷ್ಟು ತೆಳ್ಳಗಾಗುತ್ತದೆ. ನಮಸ್ಕಾರ.