ಅಜ್ಜನ ರೇಡಿಯೋ, ಮಲ್ಪೆಯ ಅಲೆ

ಇದು ಮಲ್ಪೆ. ನೀರಲ್ಲಿರುವ ಆ ಕಂಬವನ್ನೇ ಸ್ವಲ್ಪ ನೋಡಿ. ದೊಡ್ಡ ಅಲೆ ಕಂಬಕ್ಕೆ ತಾಗಿ ನಿಲ್ಲುವುದಿಲ್ಲ. ಎರಡೂ ಬದಿಯಿಂದ ಸುತ್ತಿ ಬಂದು ಹಿಂದೆ ಮತ್ತೆ ಕೂಡಿಕೊಳ್ಳುತ್ತದೆ. ಈಗ ಬೋಟಿನ ಮರೆಗೆ ಬನ್ನಿ. ಗಾಳಿಗೆ ಎದ್ದ ಸಣ್ಣ ತೆರೆಗಳು ಇಲ್ಲಿಗೆ ಬರುವುದೇ ಇಲ್ಲ, ಅಲ್ವಾ? ಅಲೆ ಉದ್ದವಿದ್ದರೆ, ಅಂದರೆ ಒಂದು ಏರಿನಿಂದ ಮುಂದಿನ ಏರಿಗೆ ದೂರ ಹೆಚ್ಚಿದ್ದರೆ, ಅಡ್ಡ ಬಂದದ್ದನ್ನು ಸುತ್ತಿಕೊಂಡು ಹೋಗುತ್ತದೆ. ಗಿಡ್ಡವಿದ್ದರೆ ಹಿಂದೆ ನೆರಳು ಬೀಳುತ್ತದೆ. ರೇಡಿಯೋ ಅಲೆಗೂ ಇದೇ ಲೆಕ್ಕ.

ಕಾರ್ಕಳದ ಹತ್ತಿರ ನಮ್ಮ ಅಜ್ಜನ ಮನೆ, ಗುಡ್ಡದ ಬುಡದಲ್ಲಿ. ನನ್ನ ಚಿಕ್ಕಂದಿನಲ್ಲಿ ಅಜ್ಜನ ರೇಡಿಯೋದಲ್ಲಿ ಮಂಗಳೂರು ಆಕಾಶವಾಣಿ 1089 ಕಿಲೋಹರ್ಟ್ಸ್‌ನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಎಫ್‌ಎಂಗೆ ತಿರುಗಿಸಿದರೆ ಬರೀ ಸುಯ್ ಅನ್ನುವ ಸದ್ದು. 1089ರ ಒಂದು ಅಲೆಯ ಉದ್ದ ಸುಮಾರು 275 ಮೀಟರ್. ಅದು ನೆಲ ಹಿಡಿದು, ಗುಡ್ಡದ ಮೇಲೆ ಬಾಗಿ, ಆಚೆ ಇಳಿಯುತ್ತದೆ. ಎಫ್‌ಎಂ ಅಲೆ ಬರೀ 3 ಮೀಟರ್. ಅದಕ್ಕೆ ಗುಡ್ಡ ಅಂದರೆ ಗೋಡೆಯೇ.

ಆದರೂ ಅಂಗಳದ ಮೂಲೆಯಲ್ಲಿ, ತುಳಸಿಕಟ್ಟೆಯ ಪಕ್ಕ, ಏರಿಯಲ್ ಎಳೆದು ಹಿಡಿದರೆ ಎಫ್‌ಎಂ ಹಾಡು ಕೇಳುತ್ತಿತ್ತು! ಒಂದು ಹೆಜ್ಜೆ ಆಚೆ ಇಟ್ಟರೆ ಮಾಯ. ಅಲ್ಲಿ ಇಲ್ಲಿ ಬಡಿದು ಬಂದ ಅಲೆಗಳು ಒಂದು ಕಡೆ ಸೇರಿ ಬಲವಾಗುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಅಳಿಸುತ್ತವೆ. 3 ಮೀಟರಿನ ಅಲೆಗೆ ಈ ಎರಡು ಜಾಗಗಳ ನಡುವೆ ಮುಕ್ಕಾಲು ಮೀಟರ್ ಸಾಕು. ನನ್ನ ಆ ಒಂದು ಹೆಜ್ಜೆ ಅಷ್ಟೇ ಇತ್ತು. ಇದು ಗೊತ್ತಾದ ದಿನ ನನಗಾದ ಖುಷಿ ಹೇಳಿ ಮುಗಿಯುವಂಥದ್ದಲ್ಲ.

ಹಾಗಂತ ಉದ್ದದ ಅಲೆಯೇ ಯಾವಾಗಲೂ ಮೇಲು ಅಂದುಕೊಳ್ಳಬೇಡಿ. ಅದೇ ರೇಡಿಯೋವನ್ನು ಸುತ್ತಲೂ ತಗಡು ಹೊಡೆದ, ಒಂದೇ ಕಿಟಕಿಯ ಶೆಡ್ಡಿನೊಳಗೆ ಇಟ್ಟರೆ 1089 ಸೊರಗುತ್ತದೆ. 275 ಮೀಟರಿನ ಅಲೆಗೆ ಆ ಕಿಟಕಿ ಎಲ್ಲಿ ಸಾಕು? ಮೊಬೈಲಿನ 900 ಮೆಗಾಹರ್ಟ್ಸ್ ಅಲೆ ಸುಮಾರು 33 ಸೆಂಟಿಮೀಟರ್. ಅದು ಕಿಟಕಿಯಿಂದ ಸಲೀಸಾಗಿ ಒಳಗೆ ಬರುತ್ತದೆ.

ಈಗ ನಮ್ಮ ಉಡುಪಿ ಮನೆಯ ಒಳಗೆ. ದಪ್ಪ ಕೆಂಪುಕಲ್ಲಿನ ಗೋಡೆ. ಇಲ್ಲಿ ಬಾಗುವ ಮಾತು ಕಡಿಮೆ, ಗೋಡೆ ಎಷ್ಟು ಹೀರುತ್ತದೆ ಅನ್ನುವುದೇ ಜಾಸ್ತಿ. ವೈಫೈಯ 5 ಗಿಗಾಹರ್ಟ್ಸ್ ಅಡುಗೆಮನೆ ತಲುಪುವಷ್ಟರಲ್ಲಿ ಸುಸ್ತಾಗುತ್ತದೆ. ವೈಫೈಯದೇ ಇನ್ನೊಂದು, 2.4 ಗಿಗಾಹರ್ಟ್ಸಿನ ಉದ್ದದ ಅಲೆ, ಹೇಗೋ ನುಸುಳಿಕೊಂಡು ಬರುತ್ತದೆ. ಮಳೆಗಾಲದಲ್ಲಿ ಕಲ್ಲು ನೀರು ಕುಡಿದಾಗ ಎರಡಕ್ಕೂ ಇನ್ನೂ ಕಷ್ಟ, ನೀರು ಈ ಅಲೆಗಳನ್ನು ಚೆನ್ನಾಗಿ ಹೀರುತ್ತದೆ.

ನೋಡಿ, ರೌಟರನ್ನು ಟಿವಿ ಹಿಂದಿನಿಂದ ತೆಗೆದು ಬಾಗಿಲಿನ ನೇರಕ್ಕೆ ಇಟ್ಟೆ. ಅಮ್ಮ ಒಲೆಯ ಹತ್ತಿರ ನಿಂತು ವಿಡಿಯೋ ಕಾಲ್ ಮಾಡುತ್ತಿದ್ದಾರೆ. ಈಗ ತುಂಡಾಗುತ್ತಿಲ್ಲ.