ಡಾಗ್ ಫುಡ್ ಚೀಲವನ್ನು ಎಸೆಯಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅಂಗಡಿಯಿಂದ ಹತ್ತು ಕಿಲೋ ಡಾಗ್ ಫುಡ್ ಚೀಲ ಮನೆಗೆ ಬರುತ್ತದೆ. ಬಾಯಿಯ ಹೊಲಿಗೆ ಬಿಚ್ಚಿ, ಕಾಳನ್ನೆಲ್ಲ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದು, ಖಾಲಿ ಚೀಲವನ್ನು ಕಸದ ಗಾಡಿಗೆ ಕೊಡುತ್ತೇವೆ. ನೋಡಲು ಅಚ್ಚುಕಟ್ಟಾದ ಕೆಲಸವೇ. ಆದರೆ ನಾಳೆ ನಾಯಿಗೆ ಏನಾದರೂ ಹೆಚ್ಚುಕಡಿಮೆಯಾದರೆ, ಅದು ತಿಂದದ್ದು ಯಾವ ದಿನ, ಯಾವ ಕಾರ್ಖಾನೆಯಲ್ಲಿ ತಯಾರಾದದ್ದು ಎಂದು ಹೇಳಬಲ್ಲ ಒಂದೇ ಒಂದು ದಾಖಲೆ ಆ ಗಾಡಿ ಹತ್ತಿ ಹೋಗಿರುತ್ತದೆ.

ಅಮೆರಿಕದಲ್ಲಿ ನಡೆದದ್ದನ್ನು ನೋಡಿ. 2020ರ ಡಿಸೆಂಬರ್ 30ರಂದು ಮಿಡ್‌ವೆಸ್ಟರ್ನ್ ಪೆಟ್ ಫುಡ್ಸ್ ಎಂಬ ಕಂಪನಿ, ಸ್ಪೋರ್ಟ್‌ಮಿಕ್ಸ್ ಹೆಸರಿನ ತನ್ನ ಒಣ ಆಹಾರದ ಕೆಲವು ಬ್ಯಾಚ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಿತು. ಅಷ್ಟು ಹೊತ್ತಿಗೆ ಸತ್ತವೆಂದು ವರದಿಯಾಗಿದ್ದ ನಾಯಿಗಳು 28. ಜನವರಿ 11ರ ವೇಳೆಗೆ ಈ ಲೆಕ್ಕ 70 ದಾಟಿತು. ಅದೇ ತಿಂಗಳಲ್ಲಿ ಸತ್ತವು 110ಕ್ಕೂ ಹೆಚ್ಚು, ಕಾಯಿಲೆ ಬಿದ್ದವು 210ಕ್ಕೂ ಹೆಚ್ಚು ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಹೇಳಿತು. ಪ್ರತಿಯೊಂದು ಸಾವೂ ಈ ಆಹಾರದಿಂದಲೇ ಎಂದು ಪರೀಕ್ಷೆಯಲ್ಲಿ ಖಚಿತವಾಗಿರಲಿಲ್ಲ ಎಂಬ ಮಾತನ್ನೂ ಸೇರಿಸಿತು. ಆಹಾರದಲ್ಲಿ ಸಿಕ್ಕ ವಿಷದ ಹೆಸರು ಅಫ್ಲಾಟಾಕ್ಸಿನ್.

ಮೆಕ್ಕೆಜೋಳ, ಕಡಲೆಕಾಯಿ, ಹತ್ತಿಬೀಜ, ಇವುಗಳ ಮೇಲೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆಯುತ್ತದೆ. ಬೆಳೆ ಹೊಲದಲ್ಲಿ ಬರಕ್ಕೆ ಸಿಕ್ಕಿ ಸೊರಗಿದ್ದರೆ, ಅಥವಾ ಕೊಯ್ಲಾದ ಮೇಲೆ ಸರಿಯಾಗಿ ಒಣಗದೆ ಗೋದಾಮು ಸೇರಿದರೆ ಅದಕ್ಕೆ ಹಬ್ಬ. ಈ ಬೂಷ್ಟು ಬಿಟ್ಟುಹೋಗುವ ವಿಷವೇ ಅಫ್ಲಾಟಾಕ್ಸಿನ್. ಬೂಷ್ಟನ್ನು ಕೊಲ್ಲುವುದು ಸುಲಭ, ವಿಷವನ್ನು ತೆಗೆಯುವುದಲ್ಲ. ಡಾಗ್ ಫುಡ್ ತಯಾರಿಸುವಾಗ ಹಿಟ್ಟನ್ನು ಬಿಸಿ ಹಬೆಯಲ್ಲಿ, ಒತ್ತಡದಲ್ಲಿ ಬೇಯಿಸಿ ಅಚ್ಚಿನಿಂದ ಹೊರಗೆ ತಳ್ಳುತ್ತಾರೆ. ಬೂಷ್ಟು ಸಾಯುತ್ತದೆ, ವಿಷ ಬಹುಪಾಲು ಉಳಿಯುತ್ತದೆ. ಮನೆಯಲ್ಲಿ ಅದೇ ಕಾಳನ್ನು ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿದರೂ ಅಷ್ಟೆ, ಬಿಸಿಲಲ್ಲಿ ಹರವಿದರೂ ಅಷ್ಟೆ. ಇದಕ್ಕೆ ಬಣ್ಣವಿಲ್ಲ, ನಾಯಿಗೆ ತಿಳಿಯುವಂಥ ರುಚಿಯೂ ಇಲ್ಲ. "ನಾಯಿ ಮೂಸಿ ನೋಡಿ ಕೆಟ್ಟದ್ದನ್ನು ಬಿಡುತ್ತದೆ" ಎಂದು ಹಿರಿಯರು ಹೇಳುವುದುಂಟು. ಈ ವಿಷದ ಮಟ್ಟಿಗೆ ಆ ಮಾತನ್ನು ನಂಬಬೇಡಿ.

ಸ್ವಲ್ಪ ಲೆಕ್ಕ ಹಾಕೋಣ. ಅಮೆರಿಕದಲ್ಲಿ ಸಾಕುಪ್ರಾಣಿಗಳ ಆಹಾರಕ್ಕೆ ಇರುವ ಮಿತಿ 20 ಪಿಪಿಬಿ, ಅಂದರೆ ಒಂದು ಕಿಲೋದಲ್ಲಿ 20 ಮೈಕ್ರೋಗ್ರಾಂ. ಆ ಪ್ರಕರಣದ ಒಂದು ಮಾದರಿಯಲ್ಲಿ ಸಿಕ್ಕದ್ದು 558. ಇಪ್ಪತ್ತು ಕಿಲೋ ತೂಗುವ ನಾಯಿ ದಿನಕ್ಕೆ 300 ಗ್ರಾಂ ಒಣ ಆಹಾರ ತಿನ್ನುತ್ತದೆ ಎಂದುಕೊಳ್ಳಿ. ಮಿತಿಯೊಳಗಿನ ಆಹಾರವಾದರೆ ಹೊಟ್ಟೆಗೆ ಹೋಗುವುದು ಹೆಚ್ಚೆಂದರೆ 6 ಮೈಕ್ರೋಗ್ರಾಂ. ಆ ಚೀಲದ್ದಾದರೆ ಸುಮಾರು 167. ತಿಂಗಳಿಡೀ ತಿಂದರೆ ಐದು ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ, ಆದರೂ ನಾಯಿಯ ಲಿವರ್ ಕೆಡಿಸಲು ಧಾರಾಳ ಸಾಕು.

ನಾಯಿಗೇ ಈ ಪೆಟ್ಟು ಏಕೆ ಜೋರು? ನಾವು ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ, ರಾತ್ರಿ ಚಪಾತಿ ಎಂದು ಬದಲಾಯಿಸಿ ಉಣ್ಣುತ್ತೇವೆ. ನಾಯಿ ಒಂದೇ ಚೀಲವನ್ನು ಮೂವತ್ತು, ನಲವತ್ತು ದಿನ ಹೊತ್ತುಹೊತ್ತಿಗೂ ತಿನ್ನುತ್ತದೆ. ಒಂದೇ ಧಾನ್ಯವನ್ನು ನೆಚ್ಚಿಕೊಂಡರೆ ಮನುಷ್ಯರಿಗೂ ಇದೇ ಗತಿ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಗಡಿಯ ಆದಿವಾಸಿ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ಉಂಡು ನೂರಕ್ಕೂ ಹೆಚ್ಚು ಜನ ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬಿ ಸತ್ತರು. ಅದೇ ಮನೆಗಳಲ್ಲಿ ಅದೇ ರೊಟ್ಟಿ ತಿಂದಿದ್ದ ನಾಯಿಗಳಿಗೂ ಅದೇ ಕಾಯಿಲೆ ಬಂದಿತ್ತು.

ಕಾರ್ಖಾನೆಯಲ್ಲಿ ಪರೀಕ್ಷೆ ಮಾಡುವುದಿಲ್ಲವೇ ಎಂದು ಕೇಳಬಹುದು. ಮಾಡುತ್ತಾರೆ. ತೊಂದರೆ ಇರುವುದು ಮಾದರಿ ತೆಗೆಯುವುದರಲ್ಲಿ. ಒಂದು ಲಾರಿ ಮೆಕ್ಕೆಜೋಳದಲ್ಲಿ ವಿಷ ಒಂದೇ ಸಮ ಹರಡಿರುವುದಿಲ್ಲ, ಅಲ್ಲೊಂದು ಇಲ್ಲೊಂದು ಕಡೆ ಗುಡ್ಡೆ ಕಟ್ಟಿರುತ್ತದೆ. ಮೂಲೆಯಿಂದ ಒಂದು ಬೊಗಸೆ ತೆಗೆದು ನೋಡಿದರೆ ಎಲ್ಲವೂ ಸರಿಯಿದೆ ಎಂದೇ ಬಂದೀತು.

ಈಗ ಚೀಲದ ವಿಷಯಕ್ಕೆ ಬರೋಣ. ಆ ಕಂಪನಿ ಎರಡನೇ ಸಲ ವಾಪಸಾತಿ ಘೋಷಿಸಿದಾಗ ಗುರುತಾಗಿ ಕೊಟ್ಟದ್ದು ಇಷ್ಟು: ಮೆಕ್ಕೆಜೋಳ ಇರುವ ಆಹಾರ, 2022ರ ಜುಲೈ 9 ಅಥವಾ ಅದಕ್ಕೂ ಮೊದಲು ಅವಧಿ ಮುಗಿಯುವಂಥದ್ದು, ಚೀಲದ ಹಿಂಬದಿಯ ದಿನಾಂಕದ ಸಾಲಿನಲ್ಲಿ "05" ಎಂಬ ಅಂಕಿ ಇರುವಂಥದ್ದು. ಆ 05 ಎಂದರೆ ಒಕ್ಲಹೋಮ ರಾಜ್ಯದ ಕಾರ್ಖಾನೆ. ಅದೇ ಹೆಸರಿನ, ಅದೇ ಚಿತ್ರದ ಚೀಲ ಬೇರೆ ಕಾರ್ಖಾನೆಯಿಂದಲೂ ಬಂದಿರಬಹುದು. ಎರಡನ್ನೂ ಬೇರೆ ಮಾಡುವುದು ಆ ಎರಡಂಕಿ ಮಾತ್ರ. ಕಾಳನ್ನು ಡಬ್ಬಕ್ಕೆ ಸುರಿದು ಚೀಲ ಎಸೆದವರು ಡಬ್ಬದ ಮುಂದೆ ಕೂತು ಏನನ್ನು ಓದಬೇಕು?

ಆದ್ದರಿಂದ ಹೀಗೆ ಮಾಡಿ. ಡಬ್ಬ ಬೇಕೇ ಬೇಕು, ಇಲಿ ಜಿರಲೆ ಕಾಟಕ್ಕೆ ಅದಿಲ್ಲದೆ ಆಗದು. ಆದರೆ ಕಾಳನ್ನು ಸುರಿಯಬೇಡಿ, ಚೀಲವನ್ನೇ ಡಬ್ಬದೊಳಗೆ ಇಳಿಸಿ, ಬಾಯಿ ಸುರುಳಿ ಸುತ್ತಿ ಕ್ಲಿಪ್ ಹಾಕಿ, ಮೇಲೆ ಮುಚ್ಚಳ ಮುಚ್ಚಿ. ಚೀಲದ ಒಳಪದರ ಜಿಡ್ಡನ್ನೂ ತೇವವನ್ನೂ ತಡೆಯಲೆಂದೇ ಮಾಡಿದ್ದು. ಸುರಿಯುವ ಅಭ್ಯಾಸದಲ್ಲಿ ಇನ್ನೊಂದು ತೊಡಕಿದೆ. ಡಬ್ಬದ ತಳದಲ್ಲಿ ಹಳೆಯ ಪುಡಿ, ಜಿಡ್ಡು ಉಳಿದು ಕಮಟು ಹಿಡಿಯುತ್ತದೆ, ಅದರ ಮೇಲೆ ಹೊಸದು ಬೀಳುತ್ತದೆ. ಪ್ರತಿ ಚೀಲ ಮುಗಿದಾಗಲೂ ಡಬ್ಬವನ್ನು ಸೋಪಿನಲ್ಲಿ ತೊಳೆದು, ಒಂದು ದಿನ ಪೂರ್ತಿ ಒಣಗಿಸಿಯೇ ಮುಂದಿನ ಚೀಲ ಇಡಿ. ಚೀಲ ಒಡೆದ ದಿನವೇ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆಯಿರಿ, ಬ್ಯಾಚ್ ಸಂಖ್ಯೆಯ ಫೋಟೊ ಮೊಬೈಲಿನಲ್ಲಿರಲಿ. ಖಾಲಿಯಾದ ಮೇಲೂ ಚೀಲವನ್ನು ಮಡಿಸಿ ಒಂದು ತಿಂಗಳು ಇಟ್ಟುಕೊಳ್ಳಿ. ಲಿವರ್‌ನ ಕಾಯಿಲೆ ಚೀಲ ಮುಗಿದ ಮೇಲೂ ಕಾಣಿಸಿಕೊಳ್ಳಬಹುದು.

ಜಾಗ ತಂಪಾಗಿ, ಒಣಗಿರಬೇಕು. 27 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಲಿ ಎನ್ನುತ್ತದೆ ಎಫ್‌ಡಿಎ. ಮಂಗಳೂರಿನಲ್ಲೋ ರಾಯಚೂರಿನಲ್ಲೋ ಇದು ವರ್ಷವಿಡೀ ಆಗುವ ಮಾತಲ್ಲ. ಕಾರ್ ಶೆಡ್, ಬಾಲ್ಕನಿ, ಒಲೆಯ ಪಕ್ಕ ಬೇಡ, ಮನೆಯ ಒಳಕೋಣೆಯಲ್ಲಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ. ಫ್ರಿಜ್ಜಿನ ಉಪಾಯವೂ ಬೇಡ. ದಿನಕ್ಕೆರಡು ಸಲ ಹೊರಗೆ ತೆಗೆದಾಗ ತಣ್ಣನೆಯ ಕಾಳಿನ ಮೇಲೆ ನೀರಿನ ಪಸೆ ಕೂರುತ್ತದೆ. ಒಳ್ಳೆಯ ಒಣ ಆಹಾರದಲ್ಲಿ ತೇವಾಂಶ ಸುಮಾರು ನೂರಕ್ಕೆ ಹತ್ತು. ಮಲೆನಾಡಿನ ಆಷಾಢದಲ್ಲಿ ಬಾಯಿ ತೆರೆದಿಟ್ಟ ಚೀಲ ಹಪ್ಪಳದಂತೆ ಮೆತ್ತಗಾಗುತ್ತದೆ. ಮೆತ್ತಗಾದದ್ದರ ಮೇಲೆ ಬೂಷ್ಟು ಹೊಸದಾಗಿ ಬೆಳೆಯುತ್ತದೆ, ಆಗ ತಪ್ಪು ಕಾರ್ಖಾನೆಯದಲ್ಲ, ನಮ್ಮದೇ. ಕಾಳು ತೆಗೆಯಲು ಒಣಗಿದ ಒಂದು ಲೋಟ ಬೇರೆಯೇ ಇರಲಿ. ನಾಯಿ ನೆಕ್ಕಿದ ಬಟ್ಟಲನ್ನು ಚೀಲಕ್ಕೆ ಹಾಕಿ ಮೊಗೆಯಬೇಡಿ.

ದೊಡ್ಡ ಚೀಲ ಅಗ್ಗ, ನಿಜ. ಆದರೆ ಒಡೆದ ಮೇಲೆ ನಾಲ್ಕರಿಂದ ಆರು ವಾರದಲ್ಲಿ ಮುಗಿಯುವಷ್ಟೇ ಕೊಳ್ಳಿ. ದಿನಕ್ಕೆ 300 ಗ್ರಾಂ ತಿನ್ನುವ ನಾಯಿಗೆ 10 ಕಿಲೋ ಸರಿ. 80 ಗ್ರಾಂ ತಿನ್ನುವ ಪಮೇರಿಯನ್ ಜಾತಿಯ ನಾಯಿಗೆ 3 ಕಿಲೋ ಸಾಕು. ಕೊಳ್ಳುವಾಗ ಮೂಲೆಗಳನ್ನು ತಡಕಿ ನೋಡಿ: ಹರಿದಿದೆಯೇ, ಎಣ್ಣೆ ಕಲೆ ಹೊರಗೆ ಬಂದಿದೆಯೇ, ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಇದೆಯೇ. ಲೂಸ್ ಮಾರುವುದನ್ನು, ಅಂದರೆ ತೂಕ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಡುವುದನ್ನು, ಎಷ್ಟು ಅಗ್ಗವಾದರೂ ಕೊಳ್ಳಬೇಡಿ. ಅದಕ್ಕೆ ತಾರೀಖಿಲ್ಲ, ಬ್ಯಾಚಿಲ್ಲ, ಹುಟ್ಟಿದೂರೂ ಇಲ್ಲ.

ಎಲ್ಲ ಕಲಬೆರಕೆಯೂ ಬೂಷ್ಟಿನದಲ್ಲ. 2007ರ ಮಾರ್ಚ್‌ನಲ್ಲಿ ಕೆನಡಾದ ಮೆನು ಫುಡ್ಸ್ ಕಂಪನಿ ಆರು ಕೋಟಿ ಡಬ್ಬಿ ಮತ್ತು ಪೊಟ್ಟಣಗಳನ್ನು ವಾಪಸ್ ಪಡೆಯಬೇಕಾಯಿತು. ಚೀನಾದಿಂದ ಬಂದ ಗೋಧಿಯ ಗ್ಲುಟೆನ್‌ಗೆ, ಅಂದರೆ ಗೋಧಿಯ ಪ್ರೋಟೀನ್‌ಗೆ, ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ್ದರು. ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ರೂಢಿಯ ಪರೀಕ್ಷೆ ನಿಜವಾಗಿ ಅಳೆಯುವುದು ಸಾರಜನಕವನ್ನು. ಮೆಲಮೈನ್‌ನ ತೂಕದಲ್ಲಿ ಮೂರನೇ ಎರಡು ಪಾಲು ಸಾರಜನಕವೇ. ಹಾಲಿಗೆ ನೀರು ಬೆರೆಸುವವನ ಬುದ್ಧಿ, ರಸಾಯನಶಾಸ್ತ್ರ ಓದಿಕೊಂಡಂತೆ. ಅದರ ಜೊತೆಗಿದ್ದ ಸಯನ್ಯೂರಿಕ್ ಆಮ್ಲದೊಂದಿಗೆ ಕೂಡಿ ಅದು ಕಿಡ್ನಿಯಲ್ಲಿ ಹರಳುಗಟ್ಟಿತು. 2019ರಲ್ಲಿ ಹಿಲ್ಸ್ ಕಂಪನಿಯ ಕೆಲವು ಡಬ್ಬಿ ಆಹಾರದಲ್ಲಿ ವಿಟಮಿನ್ ಡಿ ವಿಪರೀತವಾಗಿತ್ತು. ವಿಟಮಿನ್ ಮಿಶ್ರಣ ಒದಗಿಸಿದವರ ಕಡೆಯ ತಪ್ಪು ಅದು. 2012ರಲ್ಲಿ ಅಮೆರಿಕದ ಒಂದು ಕಾರ್ಖಾನೆಯ ಒಣ ಆಹಾರದಲ್ಲಿದ್ದ ಸಾಲ್ಮೊನೆಲ್ಲಾದಿಂದ ಕಾಯಿಲೆ ಬಿದ್ದವರು ಮನುಷ್ಯರು, 49 ಮಂದಿ. ನಾಯಿ ಆರೋಗ್ಯವಾಗಿಯೇ ಕಂಡರೂ ಬಟ್ಟಲಿನಿಂದ, ಕೈಯಿಂದ ಈ ಸೂಕ್ಷ್ಮಾಣು ಮಕ್ಕಳಿಗೆ ದಾಟುತ್ತದೆ. ಬಟ್ಟಲು ಸ್ಟೀಲಿನದಿರಲಿ, ದಿನವೂ ಸೋಪು ಹಾಕಿ ತೊಳೆಯಿರಿ, ಮನೆಯವರ ತಟ್ಟೆಯ ಜೊತೆ ಒಂದೇ ಸಿಂಕಿನಲ್ಲಿ ಬೇಡ. ಬಡಿಸಿದ ಮೇಲೆ ಕೈಯನ್ನು ಸೋಪಿನಿಂದ 20 ಸೆಕೆಂಡ್ ತಿಕ್ಕಿ ತೊಳೆಯಿರಿ. ನೆನೆಸಿದ ಕಾಳು, ಗ್ರೇವಿ ಎರಡು ಗಂಟೆ ಮೀರಿ ಬಟ್ಟಲಲ್ಲಿ ಉಳಿದರೆ ಚೆಲ್ಲಿಬಿಡಿ.

ಲಕ್ಷಣಗಳು ಯಾವ ಅಂಗ ಕೆಟ್ಟಿದೆ ಎಂಬುದರ ಮೇಲೆ ಹೋಗುತ್ತವೆ. ಅತಿಯಾಗಿ ನೀರು ಕುಡಿಯುವುದು, ಅತಿಯಾಗಿ ಮೂತ್ರ, ವಾಂತಿ ಇದ್ದರೆ ಕಿಡ್ನಿಯ ಕಡೆ ಅಥವಾ ವಿಟಮಿನ್ ಡಿ ಕಡೆ ಗಮನ ಹೋಗಬೇಕು. ಅಫ್ಲಾಟಾಕ್ಸಿನ್‌ನಲ್ಲಿ ಮೊದಲು ಊಟ ಬಿಡುತ್ತದೆ, ಮಂಕಾಗುತ್ತದೆ, ವಾಂತಿ ಮಾಡುತ್ತದೆ. ಆಮೇಲೆ ಕಾಮಾಲೆ. ಹಗಲು ಬೆಳಕಿನಲ್ಲಿ ಮೇಲ್ತುಟಿ ಎತ್ತಿ ಒಸಡು ನೋಡಿ, ಕಣ್ಣಿನ ಬಿಳಿಭಾಗ ನೋಡಿ. ಕಪ್ಪು ಒಸಡಿನ ನಾಯಿಯಾದರೆ ಕಿವಿಯ ಒಳಮೈ ನೋಡಿ. ಹಳದಿ ಕಂಡರೆ, ಮೂತ್ರ ಕಂದಾಗಿದ್ದರೆ, ಮಲ ಡಾಂಬರಿನಂತೆ ಕಪ್ಪಾಗಿದ್ದರೆ ನಾಳೆಗೆ ತಳ್ಳಬೇಡಿ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ತಯಾರಿಸುವುದು ಲಿವರ್. ಅದು ಕೈಕೊಟ್ಟಾಗ ಒಳಗೇ ರಕ್ತ ಸೋರುತ್ತದೆ. ಮರಿಗಳಿಗೂ ಗಬ್ಬದ ನಾಯಿಗಳಿಗೂ ಅಪಾಯ ಹೆಚ್ಚು. ಇದಕ್ಕೆ ಪ್ರತಿವಿಷ ಇಲ್ಲ. ಡ್ರಿಪ್, ವಿಟಮಿನ್ ಕೆ, ಲಿವರ್‌ಗೆ ಆಸರೆ ಕೊಡುವ ಔಷಧ, ಬೇಕಾದರೆ ಪ್ಲಾಸ್ಮಾ ಎಂಬ ರಕ್ತದ ದ್ರವಭಾಗ, ಇಷ್ಟರಲ್ಲೇ ಪಶುವೈದ್ಯರು ಹೋರಾಡಬೇಕು. ಜ್ವರವಿರಬಹುದೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಬೇಡಿ, ಸೋತ ಲಿವರ್‌ಗೆ ಅದು ಇನ್ನೊಂದು ಏಟು.

ಅನುಮಾನ ಬಂದ ಗಳಿಗೆಯಲ್ಲೇ ಆ ಆಹಾರ ನಿಲ್ಲಿಸಿ. ಹೊಸ ಆಹಾರಕ್ಕೆ ವಾರವಿಡೀ ಸ್ವಲ್ಪಸ್ವಲ್ಪ ಬೆರೆಸುತ್ತ ಬದಲಿಸಬೇಕು ಎಂಬ ನಿಯಮ ಇಲ್ಲಿ ಅನ್ವಯಿಸದು. ವೈದ್ಯರು ಬೇರೆ ಹೇಳುವ ತನಕ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದ ಅನ್ನ ಮತ್ತು ಬೇಯಿಸಿದ ಕೋಳಿ ಸಾಕು. ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಸ್ವಲ್ಪಸ್ವಲ್ಪ ತೆಗೆದು ಒಟ್ಟು ಒಂದು ಕಿಲೋ ಕಾಳನ್ನು ಶುಚಿಯಾದ ಜಿಪ್ ಕವರಿಗೆ ಹಾಕಿ ಮುಚ್ಚಿ, ಮೇಲೆ ತಾರೀಖು ಬರೆದಿಡಿ. ಮೂರು ಕಡೆಯಿಂದ ಏಕೆಂದರೆ, ವಿಷ ಒಂದೇ ಕಡೆ ಗುಡ್ಡೆ ಕಟ್ಟಿರುತ್ತದೆ ಎಂದೆನಲ್ಲ, ಅದಕ್ಕೇ. ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇರುವ ಆಹಾರ ಪ್ರಯೋಗಾಲಯಗಳಲ್ಲಿ ಅಫ್ಲಾಟಾಕ್ಸಿನ್ ಪರೀಕ್ಷೆ ಮಾಡುತ್ತಾರೆ. ನಾಯಿಯ ರಕ್ತದಲ್ಲಿ ಲಿವರ್‌ನ ಕಿಣ್ವಗಳು, ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವ ಸಮಯ ನೋಡಿಸಲು ವೈದ್ಯರನ್ನು ಕೇಳಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಉಳಿದ ಕಾಳನ್ನು ಏನು ಮಾಡುವುದು? ಇಲ್ಲೇ ನಮ್ಮವರು ಎಡವುವುದು. ದುಡ್ಡು ಕೊಟ್ಟದ್ದು ಹಾಳಾಗಬಾರದೆಂದು ಬೀದಿನಾಯಿಗೆ ಸುರಿಯುತ್ತಾರೆ, ಇಲ್ಲವೇ ಕೋಳಿಗೆ ಹಾಕುತ್ತಾರೆ, ಹಸುವಿನ ಹಿಂಡಿಗೆ ಬೆರೆಸುತ್ತಾರೆ. ಹಸು ತಿಂದರೆ ಆ ವಿಷ ರೂಪ ಬದಲಿಸಿ ಹಾಲಿಗೆ ಬರುತ್ತದೆ. ಮಾದರಿಯನ್ನೂ ಚೀಲವನ್ನೂ ಇಟ್ಟುಕೊಂಡು, ಮಿಕ್ಕದ್ದನ್ನು ಯಾವ ಪ್ರಾಣಿಯ ಬಾಯಿಗೂ ಸಿಗದಂತೆ ಕಟ್ಟಿ ಕಸಕ್ಕೆ ಕೊಡಿ. ಬೂಷ್ಟು ಹಿಡಿದ ಕೊಬ್ಬರಿ, ಮುಗ್ಗಲು ಕಡಲೆಕಾಯಿ, ನೂಲೆದ್ದ ಬ್ರೆಡ್ಡು, "ನಾಯಿಗೆ ತಾನೇ" ಎಂದು ಹಿತ್ತಲಿಗೆ ಎಸೆಯುವುದೆಲ್ಲ ಇದೇ ಲೆಕ್ಕಕ್ಕೆ ಸೇರುತ್ತದೆ.

ದೂರು ಕೊಡಬೇಕಾದರೆ ಚೀಲದ ಮೇಲೆ ಕಂಪನಿಯ ಗ್ರಾಹಕ ಸೇವೆಯ ಸಂಖ್ಯೆ ಇರುತ್ತದೆ. ಅಲ್ಲಿ ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಫೋನ್ ಹಚ್ಚುವ ಮುನ್ನ ಅಂಗಡಿಯ ಬಿಲ್ಲು, ವೈದ್ಯರ ಚೀಟಿ, ಮತ್ತು ಆ ಚೀಲ ಕೈಯಲ್ಲಿರಲಿ. ಬ್ಯಾಚ್ ಸಂಖ್ಯೆಯನ್ನು ಅಂಕಿ ಬಿಡದಂತೆ ಓದಿ ಹೇಳಿ. ನಮಸ್ಕಾರ.