ಇಂಪು ಎಂಬ ಮಾತು

ಕೇಳುಗರಿಗೆ ನಮಸ್ಕಾರ.

ಒಮ್ಮೆ ಚೆನ್ನೈಯಲ್ಲಿ ಮಿಠಾಯಿ ಅಂಗಡಿಯೊಂದರ ಮುಂದೆ ನಿಂತು, ಬೋರ್ಡಿನ ತಮಿಳು ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಿದ್ದೆ. ‘ಇನಿಪ್ಪು’ ಅಂತಿತ್ತು. ತಮಿಳರಿಗೆ ಇನಿಪ್ಪು ಅಂದರೆ ಸಿಹಿ. ನನಗೆ ತಟ್ಟನೆ ಹೊಳೆದದ್ದು ನಮ್ಮ ‘ಇಂಪು’. ಎರಡರ ಬೇರೂ ಒಂದೇ. ಅಲ್ಲಿ ನಾಲಿಗೆಯ ಮೇಲೆ ಕೂತಿರುವ ಮಾತು ಇಲ್ಲಿ ಕಿವಿಗೆ ಏರಿದೆ.

ಆ ಬೇರು ‘ಇನ್’. ಸವಿಯಾದದ್ದು ಇನಿದು, ಮನಸ್ಸಿಗೆ ಸವಿಯಾದವನು ಇನಿಯ. ‘ಇನ್’ ಜೊತೆ ‘ಪು’ ಸೇರಿ ಇಂಪು. ತಣ್ಣಗಿನ ‘ತಣ್’ಗೆ ‘ಪು’ ಸೇರಿ ತಂಪು. ತಮಾಷೆ ನೋಡಿ, ಕನ್ನಡ ಇಂದ್ರಿಯಗಳಿಗೆ ಆಸ್ತಿ ಪಾಲು ಮಾಡಿದಂತಿದೆ: ಮೂಗಿಗೆ ಕಂಪು, ಮೈಗೆ ತಂಪು, ಕಿವಿಗೆ ಇಂಪು.

ಮೊದಲು ಈ ಪಾಲುಪಟ್ಟಿ ಇಷ್ಟು ಬಿಗಿಯಾಗಿರಲಿಲ್ಲ. 941ರ ಸುಮಾರಿಗೆ ಕವಿ ಪಂಪ ತನ್ನ ಭಾರತಕಾವ್ಯದಲ್ಲಿ ಬನವಾಸಿಯನ್ನು ನೆನೆಯುತ್ತಾ ‘ಇಂಪನಾಳ್ದ ಗೇಯಂ ಕಿವಿವೊಕ್ಕೊಡಂ’ ಅನ್ನುತ್ತಾನೆ. ಇಂಪಾದ ಹಾಡು ಕಿವಿ ಹೊಕ್ಕರೂ ಸಾಕು, ಮನಸ್ಸು ಆ ನಾಡಿಗೇ ಓಡುತ್ತದಂತೆ. ಇದು ನಾವು ಬಲ್ಲ ಇಂಪೇ. ಆದರೆ ಅದೇ ಕಾವ್ಯದ ಇನ್ನೊಂದು ಪದ್ಯದಲ್ಲಿ ತ್ಯಾಗ, ಭೋಗ, ವಿದ್ಯೆ, ಹಾಡು, ಗೋಷ್ಠಿ, ಇವುಗಳ ಸುಖವನ್ನೆಲ್ಲ ಒಟ್ಟಿಗೆ ‘ಇಂಪುಗಳ್’ ಅಂದುಬಿಡುತ್ತಾನೆ. ಕೊಡುವುದರಲ್ಲೂ ಇಂಪು! ಇವತ್ತು ಹಾಗೆ ಬರೆದರೆ ಮೇಷ್ಟ್ರು ಕೆಂಪು ಗೀಟು ಎಳೆಯುತ್ತಾರೆ. ತೆಲುಗಿನವರು ಮಾತ್ರ ಈಗಲೂ ಕಣ್ಣಿಗೂ ಇಂಪು ಅನ್ನುತ್ತಾರೆ.

ಇದೇ ಬೇರಿನ ಇನ್ನೊಂದು ಚಿಗುರು ‘ಇಂಚರ’. ಇನಿದಾದ ಸರ, ಸರ ಅಂದರೆ ಕೊರಳಿನದಲ್ಲ, ಸಂಸ್ಕೃತದ ‘ಸ್ವರ’ ಕನ್ನಡದ ಬಾಯಲ್ಲಿ ಸವೆದು ಆದದ್ದು. ಸಕಾರ ಚಕಾರ ಆದದ್ದೇಕೆ? ಕೂತಲ್ಲೇ ‘ಇನ್‌ಸರ, ಇನ್‌ಸರ’ ಅಂತ ಬೇಗ ಬೇಗ ಹೇಳಿ ನೋಡಿ. ‘ನ್’ ಅನ್ನುವಾಗ ನಾಲಗೆ ಮೇಲಕ್ಕೆ ಅಂಟಿರುತ್ತದೆ, ಸಕಾರದ ಗಾಳಿ ಸಲೀಸಾಗಿ ಜಾರುವುದಿಲ್ಲ, ‘ಚ’ ಎಂದು ಸಿಡಿಯುತ್ತದೆ. ನುಣುಪಾದ ಸರ ‘ನುಣ್ಚರ’ ಆದದ್ದೂ ಹೀಗೆಯೇ. ಆ ಪದ ಮಾತ್ರ ಹಳಗನ್ನಡದಲ್ಲೇ ಉಳಿದುಹೋಯಿತು, ಪಾಪ.

ಇಂಚರಕ್ಕೆ ಒಳ್ಳೆಯ ಬಾಳು ಸಿಕ್ಕಿತು. ಕವಿತೆಗಳಲ್ಲಿದೆ, ಹೆಣ್ಣುಮಕ್ಕಳ ಹೆಸರಾಗಿದೆ, ಮನೆಯ ಗೇಟುಗಳ ಮೇಲೂ ಇದೆ. ಬಾಯಿಮಾತಿಗೆ ಮಾತ್ರ ಬರಲಿಲ್ಲ. ಇವತ್ತು ನಸುಕಿನಲ್ಲಿ ನಮ್ಮ ನೀರಿನ ಟ್ಯಾಂಕಿನ ಮೇಲೆ ಮಡಿವಾಳ ಹಕ್ಕಿಯೊಂದು ಬಾಲ ಎತ್ತಿ ಕೂಗುತ್ತಿತ್ತು. ಪಕ್ಕದ ಮನೆಯ ಅಜ್ಜಿ ರಂಗೋಲಿಯ ಬಟ್ಟಲು ಹಿಡಿದು ತಲೆ ಎತ್ತಿದರು. “ಎಷ್ಟು ಇಂಪಾಗಿ ಕೂಗ್ತದೆ ನೋಡು!” ಅಂದರು.